ಕುರ್ಚಿಯ ದೂರದ ಗೀರು

ಸೀವಾ ಓಯಸಿಸ್, ಗುರುವಾರ

ಅಪ್ಪಾ,
ಗುಜರಿಗೆ ಹಾಕಬೇಕೆಂದು ನೀವು ತೆಗೆದಿಟ್ಟ ಸ್ಟುಡಿಯೋ ಸಾಮಾನಿನಿಂದ ನಾನು ಎತ್ತಿಕೊಂಡು ಬಂದ ಹಳೇ ಲೆನ್ಸು ಸುಖವಾಗಿದೆ. ಬಸ್ಸಿನ ಕುಲುಕಾಟಕ್ಕೆ ನನ್ನ ಸೊಂಟ ಮಾತ್ರ ಬಿದ್ದುಹೋಗಿದೆ. ಇಲ್ಲಿನ ಮದುವೆಮನೆಯಲ್ಲಿ ಮದುಮಗಳ ಕೋಣೆಗೆ ಗಂಡಸು ಕಾಲಿಡುವಂತಿಲ್ಲ, ಹಾಗಾಗಿ ಫೋಟೋ ತೆಗೆಯುವ ಹೆಣ್ಣಾದ ನನಗೆ ರಾಜೋಪಚಾರ. ಅಡಾಪ್ಟರ್ ಹಾಕಿ ಲೆನ್ಸ್ ಕೂರಿಸಿದರೆ ಹೊಸ ಕ್ಯಾಮೆರಾ ‘ಲೆನ್ಸ್ ಇಲ್ಲ’ ಎಂದು ಮುಷ್ಕರ ಹೂಡಿತು! ಲೆನ್ಸ್ ಕಾಣದಿದ್ದರೂ ಫೋಟೋ ತೆಗೆ ಎಂದು ಅದರ ಸೆಟ್ಟಿಂಗ್‌ನಲ್ಲಿ ಹೇಳಿಡಲು ಮರೆತಿದ್ದೆ.

“ಏನಾಯ್ತೇ ಹುಡುಗಿ?” ಎಂದರು ಮದುಮಗಳ ಅಜ್ಜಿ ತಫೀದಾ.

“ಹಳೇ ಲೆನ್ಸು ಅಜ್ಜಿ, ಈ ಕ್ಯಾಮೆರಾಗೆ ಗುರುತೇ ಸಿಗ್ತಿಲ್ಲ.”

“ಅಯ್ಯೋ, ನನ್ನ ಸೊಸೆಯಂದಿರ ಹಾಗೇ ಆಯ್ತಲ್ಲ! ಎದುರಿಗೇ ಕೂತಿದ್ರೂ ಅವರಿಗೆ ನಾನು ಕಾಣಲ್ಲ!”

ಕೋಣೆಯೆಲ್ಲ ಗೊಳ್ಳೆಂದಿತು, ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಸೊಸೆಯರೇ. ಅಷ್ಟರಲ್ಲಿ ಸೆಟ್ಟಿಂಗ್ ಸರಿಮಾಡಿದೆ. ಆದರೆ ಈ ಲೆನ್ಸಿನಲ್ಲಿ ಫೋಕಸ್ ಕೈಯಿಂದಲೇ ತಿರುಗಿಸಬೇಕು, ನಗು ಅಲ್ಲಿಯವರೆಗೆ ಕಾಯುತ್ತದೆಯೇ? ತಡಕಾಡುತ್ತಿದ್ದ ಹೆಬ್ಬೆರಳಿಗೆ, ನಮ್ಮ ಸ್ಟುಡಿಯೋ ಕುರ್ಚಿಯ ದೂರಕ್ಕೆಂದು ನೀವು ಲೆನ್ಸಿನ ಫೋಕಸ್ ಬಳೆಯ ಮೇಲೆ ಅರದಿಂದ ಮಾಡಿದ್ದ ಗೀರು ಸಿಕ್ಕಿತು. ಅಲ್ಲಿಗೆ ತಿರುಗಿಸಿ, ಅಷ್ಟೇ ದೂರಕ್ಕೆ ಸರಿದು ಕ್ಲಿಕ್ಕಿಸಿದೆ. ಅಜ್ಜಿಯ ಬೊಚ್ಚುಬಾಯಿಯ ನಗು ಒಂದಿಷ್ಟೂ ಮಸುಕಾಗದೆ ಬಂದಿದೆ.

ಖರ್ಜೂರ ತಿಂದು ಕೆಟ್ಟಿದ್ದ ಹೊಟ್ಟೆ ಈಗ ವಾಸಿ. ಊಟಕ್ಕೆ ಕರೆಯುತ್ತಿದ್ದಾರೆ, ಓಡುತ್ತೇನೆ. ಗುಜರಿಯವನು ಬಂದರೆ ಆ ಕುರ್ಚಿಯ ಮೇಲೆ ನೀವೇ ಕೂತುಬಿಡಿ, ಏಳಬೇಡಿ.

ನವ್ವಾರ