ಇವರ ಸ್ವೆಟರಿನ ಮೊಣಕೈ

ಡಿಸೆಂಬರ್ ೧೪, ಭಾನುವಾರ

ಅಕ್ಕನ ಮೇಲೆ ಕೂಗಾಡಿಬಿಟ್ಟೆ. ಇವರ ಹಸಿರು ಸ್ವೆಟರ್ ಒಗೆದವಳು ಹಸಿಯಿರುವಾಗಲೇ ಕಾದ ಇಸ್ತ್ರಿಪೆಟ್ಟಿಗೆ ಎತ್ತಿದ್ದಳು.

“ಮೊಣಕೈ ಜೋಲುಬಿದ್ದಿದೆ ಕಣೇ, ಒಂದ್ಸಲ ಎಳೆದುಬಿಡ್ತೀನಿ.”

“ಬೇಡಕ್ಕಾ! ಅದು ಉಣ್ಣೆಯಲ್ಲ, ಅಕ್ರಿಲಿಕ್. ಬಿಸಿ ತಾಗಿದ್ರೆ ಚಪ್ಪಟೆಯಾಗಿಬಿಡುತ್ತೆ, ಮತ್ತೆ ಸರಿಹೋಗಲ್ಲ.”

“ನಿನ್ನ ಲಂಗ ಇಸ್ತ್ರಿ ಮಾಡಿ ಶಾಲೆಗೆ ಕಳಿಸಿದವಳಿಗೇ ಪಾಠ ಹೇಳ್ತೀಯಾ?”

ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡೆ. ಅದು ತಾಗಿ ಅವಳ ಬೆರಳು ಸುಟ್ಟಿತು.

ಇವರು ಮೇಜಿಗೆ ಮೊಣಕೈ ಊರಿ ರೇಡಿಯೊ ಕೇಳುತ್ತಿದ್ದರು. ಆ ಉಬ್ಬು ಬಂದದ್ದು ಹಾಗೆ. ಇವರು ತೀರಿಕೊಂಡ ಮೇಲೆ ಇವರ ಮೈಯ ಗುರುತು ಉಳಿದಿರುವುದು ಅಲ್ಲೊಂದೇ ಕಡೆ. ಅದು ಅಕ್ಕನಿಗೆ ಗೊತ್ತಿಲ್ಲ.

ತೂಗುಹಾಕಿದರೆ ನೀರಿನ ಭಾರಕ್ಕೆ ಎಲ್ಲವೂ ಜಗ್ಗುತ್ತದೆಂದು ಟವೆಲಿನ ಮೇಲೆ ಹರಡಿದ್ದೇನೆ. ಪಕ್ಕದ ಕೋಣೆಯಲ್ಲಿ ಅಕ್ಕ ಮೂಗೆಳೆಯುವುದು ಕೇಳುತ್ತಿದೆ. ಎದ್ದು ಹೋಗಿ ಬೆರಳಿಗೆ ಮುಲಾಮು ಹಚ್ಚಬೇಕು. ಹೋದರೆ ಕಾರಣ ಕೇಳುತ್ತಾಳೆ. ಹೇಳತೊಡಗಿದರೆ ನಾನೂ ಅತ್ತುಬಿಡುತ್ತೇನೆ.