ದಾರ ಪೋಣಿಸಿದ ಇಪ್ಪತ್ತು ಸೂಜಿಗಳು

ನನ್ನ ಅತ್ತೆಗೆ,

ಇವತ್ತೂ ನನ್ನನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ನೀನಿರುವ ವೃದ್ಧಾಶ್ರಮದ ಗುಮಾಸ್ತ ಒಳ್ಳೆಯವನೇ. ಮೊದಲ ಸಲ ಹೋದಾಗಲೇ ಕುರ್ಚಿ ಕೊಟ್ಟ, ನೀರು ಕೊಟ್ಟ, ಆಮೇಲೆ ಕೇಳಿದ: "ಅವ್ರು ನಿಮಗೆ ಏನಾಗ್ಬೇಕು?" ಅತ್ತೆ ಎಂದೆ. ಭೇಟಿಗೆ ಬಿಡುವವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನಿನ್ನನ್ನು ಅಲ್ಲಿಗೆ ಸೇರಿಸಿದ ಅಣ್ಣ ತನ್ನ ಹೆಸರೊಂದನ್ನೇ ಬರೆಸಿದ್ದಾನೆ. ಜಗಳವಾಡೋಣವೆಂದು ಫೋನ್ ಮಾಡಿದರೆ, "ನಿನ್ನ ಹೆಸರು ಹೊಳೀಲೇ ಇಲ್ಲ ಕಣೇ" ಎಂದ. ಪಾಪ, ಸುಳ್ಳಿರಲಿಕ್ಕಿಲ್ಲ. ನಾಳೆ ಬಂದು ಬರೆಸುತ್ತೇನೆ ಎನ್ನುತ್ತಲೇ ಎರಡು ತಿಂಗಳಾಯಿತು.

ನಾನು ಆ ಮನೆಗೆ ಅಮ್ಮನ ಎರಡನೇ ಮದುವೆಯ ಜೊತೆ ಬಂದವಳು. ನೀನು ಗಂಡನನ್ನು ಬಿಟ್ಟು ತಮ್ಮನ ಮನೆಗೆ ಬಂದವಳು. ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡ ದಿನ ನಮ್ಮಿಬ್ಬರಿಗೆ ಚೀಲಗಳನ್ನು ಹಿಡಿದುಕೊಳ್ಳುವ ಕೆಲಸ. "ನಾವಿಲ್ದೆ ಫೋಟೋಲಿ ಲಕ್ಷಣವಾಗಿರೋರು ಒಬ್ರೂ ಇಲ್ಲ ಮರಿ" ಎಂದು ನೀನು ಕಿವಿಯಲ್ಲಿ ಹೇಳಿದ್ದಕ್ಕೆ ನಾನು ಬಿದ್ದು ಬಿದ್ದು ನಕ್ಕು ಬೈಸಿಕೊಂಡೆ.

ದರ್ಜಿಯಂಗಡಿಯ ಅಂಗಿಗಳಿಗೆ ನೀನು ಗುಂಡಿಯ ಕಾಜ ಹಾಕುತ್ತಿದ್ದೆ. ಕಣ್ಣು ಮಂಜಾಗಿದ್ದರೂ ಬೆರಳಿಗೆ ಕೆಲಸ ಗೊತ್ತಿತ್ತು. ಸೂಜಿಗೆ ದಾರ ಪೋಣಿಸುವುದು ಮಾತ್ರ ಆಗುತ್ತಿರಲಿಲ್ಲ. ದರ್ಜಿಗೆ ತಿಳಿದರೆ ಕೆಲಸ ಹೋದಂತೆಯೇ. ಅದಕ್ಕೇ ದಿನಾ ಶಾಲೆಗೆ ಹೊರಡುವ ಮುಂಚೆ ಇಪ್ಪತ್ತು ಸೂಜಿಗೆ ದಾರ ಪೋಣಿಸಿ, ಹಳೇ ದಿಂಬಿನ ತುಂಡಿಗೆ ಚುಚ್ಚಿಡುತ್ತಿದ್ದೆ. ಅಮ್ಮನಿಗೂ ಹೇಳಿರಲಿಲ್ಲ.

ಒಂದು ಮಾತು ಇಷ್ಟು ವರ್ಷ ಗಂಟಲಲ್ಲೇ ಉಳಿದಿದೆ. ನೀನು ಶಾಲೆಯ ಬಾಗಿಲಲ್ಲಿ ಕಾಯುತ್ತಿದ್ದಾಗ, ಅದ್ಯಾರು ಎಂದು ಗೆಳತಿಯರು ಕೇಳಿದರು. "ನಮ್ಮನೇಲಿ ಇರ್ತಾರೆ, ಅಷ್ಟೇ" ಎಂದುಬಿಟ್ಟೆ. ನಿನಗೆ ಕೇಳಿಸಿತು. ಆದರೂ ನನ್ನ ಚೀಲ ನೀನೇ ಹೊತ್ತುಕೊಂಡು ನಡೆದೆ. ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ತಪ್ಪಾಯಿತು ಅತ್ತೆ.

ಇವತ್ತು ಇಪ್ಪತ್ತು ಸೂಜಿ ಪೋಣಿಸಿಕೊಂಡೇ ಹೋಗಿದ್ದೆ. ನನ್ನನ್ನು ಬಿಡದಿದ್ದರೆ ಬೇಡ, ಇದನ್ನಾದರೂ ಕೊಡಿ, ಮುಟ್ಟಿದರೆ ಯಾರು ಬಂದಿದ್ದರೆಂದು ಅವರಿಗೆ ತಿಳಿಯುತ್ತದೆ ಎಂದು ಕೈಮುಗಿದೆ. ಗುಮಾಸ್ತ ಒಳಗೆ ಹೋಗಿ ಕೇಳಿ ಬಂದ. ಚೂಪಾದದ್ದೇನನ್ನೂ ಬಿಡುವುದಿಲ್ಲವಂತೆ. ಹೊರಡುವಾಗ ಮೆಲ್ಲಗೆ ಹೇಳಿದ: "ದಿನಾ ಬೆಳಿಗ್ಗೆ ಕೇಳ್ತಾರೆ ಮೇಡಂ, ನನ್ನ ಸೂಜಿ ಎಲ್ಲಿ, ಮರಿ ಆಗ್ಲೇ ಸ್ಕೂಲಿಗೆ ಹೋದ್ಲಾ ಅಂತ."

ಹೋಗಿಲ್ಲ ಅತ್ತೆ. ಗೇಟಿನ ಎದುರಿನ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಯಾರು ಓದಿ ಹೇಳುತ್ತಾರೋ, ಹೇಳುತ್ತಾರೋ ಇಲ್ಲವೋ.

ಹೊತ್ತಿಗೆ ಸರಿಯಾಗಿ ಉಣ್ಣು. ತಣ್ಣಗಿರು.

ಸೂಜಿಗಳು ನನ್ನ ಹತ್ತಿರವೇ ಇವೆ,
ನಿನ್ನ ಮರಿ