ಎರಡು ಸುತ್ತು ಬಜೆ

ವಿಂಡಮ್ ವೇಲ್, ಮೆಲ್ಬೋರ್ನ್
ಗುರುವಾರ, ೧೪ ಆಗಸ್ಟ್ ೨೦೨೫

ಪ್ರೀತಿಯ ಬೀಗತಿ ಭಾಗೀರಥಮ್ಮನವರಿಗೆ, ನಿಮ್ಮ ಸರಸ್ವತಿಯ ನಮಸ್ಕಾರಗಳು.

ನಿಮ್ಮ ಮಂಡಿನೋವು ಈಗ ಹೇಗಿದೆ? ಸಿಡ್ನಿಯಲ್ಲಿ ಇಲ್ಲಿಯಷ್ಟು ಚಳಿ ಕೊರೆಯುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ಕ್ವೇಕರ್ಸ್ ಹಿಲ್‌ನಲ್ಲಿ ನಿಮ್ಮ ಮಗ ಗೌತಮ್ ಮನೆಯ ಹಿಂದುಗಡೆ ಬಿಸಿಲು ಬೀಳುವ ಜಾಗ ನೋಡಿ ಕುರ್ಚಿ ಹಾಕಿಸಿಕೊಳ್ಳಿ, ಅವರೆಲ್ಲ ಕೆಲಸಕ್ಕೆ ಹೋದಮೇಲೆ ಒಳಗೇ ಮುದುರಿಕೊಂಡು ಕೂರಬೇಡಿ. ಬೀಗರಿಗೆ ಬಿಪಿ ಮಾತ್ರೆ ನೀವು ಕೈಗೆ ಕೊಟ್ಟರಷ್ಟೇ ನೆನಪು. ಅವರನ್ನೂ ಕೇಳಿದೆ ಎಂದು ಹೇಳಿ. ನೀವು ಹೊರಟ ದಿನ ನಾನು ಕಟ್ಟಿಟ್ಟ ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿ ಅಡುಗೆಮನೆಯ ಕಟ್ಟೆಯ ಮೇಲೇ ಉಳಿದುಬಿಟ್ಟಿತು. ಒಂದು ಲೋಟ ಕಾಫಿಯನ್ನೂ ಕುಡಿಯದೆ ಹೋದಿರಿ.

ನಮ್ಮ ಮೊಮ್ಮಗಳು ಆದ್ಯಾ ಬಗ್ಗೆ ಮೊದಲು ಬರೆದುಬಿಡುತ್ತೇನೆ, ನಿಮ್ಮ ಜೀವ ಅಲ್ಲೇ ಇರುತ್ತದೆ. ವಾಂತಿ ಪೂರ್ತಿ ನಿಂತಿದೆ. ಹಾಲು ಕುಡಿಯುತ್ತಾಳೆ. ನಿನ್ನೆ ಕಿಟಕಿಯ ಪರದೆ ನೋಡಿ ನಕ್ಕಳು. ಆದರೂ ಅವಳು ಸ್ವಲ್ಪ ಹೆಚ್ಚು ಹೊತ್ತು ನಿದ್ದೆ ಮಾಡಿದರೆ ಸಾಕು, ನಾವೆಲ್ಲ ಒಬ್ಬರ ಹಿಂದೆ ಒಬ್ಬರು ಹೋಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಬರುತ್ತೇವೆ. ಇಂದ್ರೇಶ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ, ಅವನು ಇಷ್ಟು ಹೆದರಿದ್ದನ್ನು ನಾನು ಕಂಡೇ ಇರಲಿಲ್ಲ.

ಫೋನ್ ಬಿಟ್ಟು ಕಾಗದ ಯಾಕೆ ಹಿಡಿದಳು ಎಂದುಕೊಳ್ಳುತ್ತೀರಿ. ನೀವು ಫೋನ್ ಎತ್ತುತ್ತಿಲ್ಲ. ವಾಟ್ಸಾಪ್ ಮಾಡಿದರೆ ಹಾಲ್‌ನಲ್ಲಿರುವ ಟ್ಯಾಬ್‌ನಲ್ಲೂ ಬಂದು ಕೂರುತ್ತದೆ, ನಿಮ್ಮ ಮಗಳು ನಿವೇದಿತಾ ಕಣ್ಣಿಗೆ ಬೀಳುತ್ತದೆ. ಪಕ್ಕದ ಬೀದಿಯ ಪ್ರಾರ್ಥನಾ ನಾಳೆಯೇ ತಲುಪುವ ಎಕ್ಸ್‌ಪ್ರೆಸ್ ಲಕೋಟೆ ತಂದುಕೊಟ್ಟಿದ್ದಾಳೆ. ಎಸ್ಸೆಸ್ಸೆಲ್ಸಿಗೇ ನಿಂತ ನನ್ನ ಕೈಬರಹ ನೋಡಿ, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದ ನೀವು ನಗಬೇಡಿ. ನಕ್ಕರೂ ನಗಿ, ಆದರೆ ಪೂರ್ತಿ ಓದಿ.

ನಿಜ ಹೇಳಲೇ? ಮೊದಲಿನಿಂದಲೂ ನನಗೆ ನಿಮ್ಮನ್ನು ಕಂಡರೆ ಭಯ. ಮಕ್ಕಳ ಮದುವೆಯಲ್ಲಿ ನಮ್ಮವರು ಬಜ್ಜಿಹಿಟ್ಟು ನೀರಾಗಿದೆ ಎಂದು ಪಂಚೆ ಮೇಲೆ ಕಟ್ಟಿ ನಿಮ್ಮ ಅಡುಗೆಯವರ ಕೈಯಿಂದ ಜಾಲರಿ ಕಿತ್ತುಕೊಂಡು ಒಲೆಯ ಮುಂದೆ ನಿಂತುಬಿಟ್ಟರಲ್ಲ, ನೆನಪಿದೆಯೇ? ದಾವಣಗೆರೆಯಲ್ಲಿ ಮೂವತ್ತು ವರ್ಷ ಮಿರ್ಚಿ ಮಂಡಕ್ಕಿ ಮಾರಿದ ಕೈ, ಸುಮ್ಮನಿರಲಿಲ್ಲ. ನಿಮ್ಮ ಕಡೆಯವರು ಮೊಬೈಲ್ ಹಿಡಿದು ಫೋಟೋ ತೆಗೆದರು. ನೀವು ನನ್ನ ಹತ್ತಿರ ಬಂದು ಮೆತ್ತಗೆ, “ರುದ್ರಪ್ಪನವರಿಗೆ ಹೇಳಿ, ಅವರು ಬೀಗರು, ಅಡುಗೆಯವರಲ್ಲ” ಎಂದಿರಿ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಬಾಣಂತನಕ್ಕೆ ನೀವೂ ನಾನೂ ಮೂರು ತಿಂಗಳು ಈ ಒಂದೇ ಮನೆಯಲ್ಲಿ ಇರಬೇಕು ಎಂದು ಗೊತ್ತಾದಾಗ ವೀಸಾ ರಿಜೆಕ್ಟ್ ಆಗಲಿ ಎಂದು ದೇವರಿಗೆ ಕೈ ಮುಗಿದವಳು ನಾನು.

ನಮ್ಮಿಬ್ಬರನ್ನು ಒಂದು ಮಾಡಿದ್ದು ಆ ಮಧ್ಯಾಹ್ನ ಮೂರು ಗಂಟೆಯ ಬ್ರಿಟಿಷ್ ಕಾಮಿಡಿ. ಮೊದಲ ವಾರ ನೀವು ನಗುತ್ತಿದ್ದಿರಿ, ನಾನು ಟಿವಿಯೊಳಗಿನ ಜನ ನಕ್ಕಾಗ ನಗುತ್ತಿದ್ದೆ. ಆಮೇಲೆ ಒಂದು ದಿನ ನೀವೇ ಧ್ವನಿ ಸಣ್ಣದು ಮಾಡಿ ಕಥೆ ಹೇಳಿದಿರಿ. ಹುಡುಗಿಯ ಅಮ್ಮ ದೊಡ್ಡ ಬಂಗಲೆಯವಳು, ಹುಡುಗನ ಅಮ್ಮ ಮೀನಂಗಡಿಯವಳು, ಬೀಗರು ಒಟ್ಟಿಗೆ ಸೇರಿದಾಗಲೆಲ್ಲ ಒಂದು ಅನಾಹುತ. ಬೇಕೆಂದೇ ತೋರಿಸುತ್ತಿದ್ದಾರೆ ಎಂದುಕೊಂಡೆ. ನೀವು ನನ್ನ ಮುಖ ನೋಡಿ, “ನಾವು ಹಾಗೆ ಆಗೋದು ಬೇಡ ಸರಸ್ವತಿಯವರೇ” ಎಂದು ನಿಮ್ಮ ಶಾಲನ್ನು ನನ್ನ ಕಾಲಿಗೂ ಹೊದಿಸಿದಿರಿ. ಅವತ್ತಿನಿಂದ ಮೂರು ಗಂಟೆಗೆ ಮುಂಚೆಯೇ ನಾನು ಪಾತ್ರೆ ತೊಳೆದು ಮುಗಿಸುತ್ತಿದ್ದೆ. ಪಾದ್ರಿ ಊಟಕ್ಕೆ ಬಂದ ಕಂತು ನಿಮಗೂ ನೆನಪಿರಬೇಕು. ಇಬ್ಬರು ಬೀಗತಿಯರೂ ಕುಡಿಯುವವರನ್ನು ಬೈದು ಬೈದು, ಒಬ್ಬರಿಗೆ ಗೊತ್ತಿಲ್ಲದಂತೆ ಒಬ್ಬರು ಅಡುಗೆಮನೆಗೆ ಹೋಗಿ ಪುಡ್ಡಿಂಗಿಗೆ ಬ್ರಾಂದಿ ಸುರಿದು ಬರುತ್ತಾರೆ. ಪಾದ್ರಿ ಚಮಚ ಹಿಡಿದುಕೊಂಡೇ ಟೇಬಲ್ ಮೇಲೆ ನಿದ್ದೆ ಹೋಗುತ್ತಾನೆ. ನಾವು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆದ್ಯಾ ಬೆಚ್ಚಿ ಎದ್ದಳೆಂದು ನಿವೇದಿತಾ ಇಬ್ಬರಿಗೂ ಗದರಿದಳು.

ಆಮೇಲೆ ಬಂತಲ್ಲ ಆ ಶನಿವಾರ. ಹತ್ತು ಗಂಟೆಗೆ ಮಗು ಒಂದೇ ಸಮ ವಾಂತಿ ಮಾಡಿ, ಹನ್ನೊಂದಕ್ಕೆ ಕತ್ತು ಚೆಲ್ಲಿ ನಿಮ್ಮ ತೊಡೆಯ ಮೇಲೆ ಮಲಗಿದ್ದು, ಕೆನ್ನೆ ತಟ್ಟಿದರೂ ಕಣ್ಣು ಬಿಡದೇ ಹೋದದ್ದು, ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಆಂಬುಲೆನ್ಸಿನವನು ಕೇಳಿದ, ಆಸ್ಪತ್ರೆಯ ನರ್ಸ್ ಕೇಳಿದಳು, ಆಮೇಲೆ ಡಾಕ್ಟರ್: ಮಗುವಿಗೆ ಹಾಲು ಬಿಟ್ಟು ಬೇರೆ ಏನಾದರೂ ಕೊಟ್ಟಿರಾ? ಆರು ತಿಂಗಳವರೆಗೆ ನೀರನ್ನೂ ಕೊಡಬಾರದು ಎಂದು ನಿವೇದಿತಾ ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದಳು, ನಾವಿಬ್ಬರೂ ಅದಕ್ಕೆ ತಲೆಯಾಡಿಸಿದ್ದೆವು. ನನಗೆ ಇಂಗ್ಲಿಷ್ ಬಾರದು ಎಂದು ಫೋನಿನಲ್ಲಿ ಕನ್ನಡದವಳೊಬ್ಬಳನ್ನು ಕೂರಿಸಿ ಅದನ್ನೇ ಕೇಳಿಸಿದರು. ನಾನು ತಲೆ ಅಲ್ಲಾಡಿಸಿದೆ. “ಬಾಯಿಬಿಟ್ಟು ಹೇಳಿ ಅಮ್ಮಾ, ನಂಗೆ ನೀವು ಕಾಣಲ್ಲ” ಎಂದಳು ಆ ಹುಡುಗಿ, ಎಷ್ಟು ಮೃದುವಾಗಿ. ಇಲ್ಲ ಎಂದೆ. ಪರದೇಶದ ಆಸ್ಪತ್ರೆಯಲ್ಲಿ, ನಮ್ಮ ಭಾಷೆಯಲ್ಲಿ. ಅವತ್ತಿನಿಂದ ಆ ಧ್ವನಿ ಕಿವಿಯಲ್ಲೇ ಕೂತಿದೆ.

ಮಾರನೆಯ ದಿನ ಮಗುವಿನ ಬಟ್ಟೆ ತರಲು ಮನೆಗೆ ಬಂದ ನಿವೇದಿತಾ ನಿಮ್ಮ ಪೂಜೆ ಚೀಲದಲ್ಲಿ ಗಂಧ ತೇಯುವ ಸಾಣೆಕಲ್ಲು ಮೂಸಿ ನೋಡಿದಳು. ಬಜೆ ಬೇರಿನ ವಾಸನೆಯನ್ನು ಮುಚ್ಚಿಡಲು ಯಾರಿಂದ ಆಗುತ್ತದೆ? ನೀವು ಅಡ್ಡಮಾತು ಆಡಲಿಲ್ಲ. “ನಿಂಗೂ, ಗೌತಮ್‌ಗೂ ಎಲ್ಲಾ ಇದನ್ನೇ ಕೊಟ್ಟಿದ್ದು. ಬೆಳಿಗ್ಗೆ ಒಂಬತ್ತಕ್ಕೆ ಎರಡೇ ಸುತ್ತು ತೇಯ್ದು ನಾಲಿಗೆಗೆ ಸವರಿದೆ. ಮಾತು ಚೆನ್ನಾಗಿ ಬರಲಿ ಅಂತ” ಎಂದಿರಿ. ನಾನು ಬಾಗಿಲಲ್ಲೇ ನಿಂತಿದ್ದೆ. ಮನೆಮದ್ದಿನ ಸುದ್ದಿ ಬಂದಾಗಲೆಲ್ಲ “ಇದೆಲ್ಲ ಈಗ ಯಾರು ಮಾಡ್ತಾರೆ” ಎಂದು ನನ್ನ ಬಾಯಿ ಮುಚ್ಚಿಸಿದ ನೀವು! ಆಗ ನಿವೇದಿತಾ ನಿಮಗೆ ಹೇಳಿದ ಮಾತು ನನ್ನನ್ನೂ ಸುಟ್ಟಿತು. “ಅತ್ತೆ ಮಾಡಿದ್ರೆ ಗೊತ್ತಿಲ್ದೆ ಮಾಡಿದ್ರು ಅನ್ಕೋತಿದ್ದೆ. ನೀನು ಓದಿದೋಳು ಕಣಮ್ಮ. ಅತ್ತೇನೇ ಎಷ್ಟೋ ವಾಸಿ, ಹೇಳಿದ್ದನ್ನ ಕೇಳಿದ್ರು.” ನೀವು ನನ್ನ ಕಡೆ ಒಂದು ಸಲ ನೋಡಿದಿರಿ. ನಾನು ನೆಲ ನೋಡಿದೆ. ಮಂಗಳವಾರ ಬೀಗರು ನಿಮ್ಮನ್ನು ಕರೆದುಕೊಂಡು ವಿಮಾನ ಹತ್ತಿದರು. ನಿವೇದಿತಾ ಕೋಣೆಯಿಂದ ಹೊರಗೆ ಬರಲಿಲ್ಲ. ಮಗುವನ್ನು ಒಂದು ಸಲ ಎತ್ತಿಕೊಳ್ಳಲು ಸಹ ನಿಮಗೆ ಕೊಡಲಿಲ್ಲ.

ಈಗ ಈ ಮನೆಯಲ್ಲಿ ನನಗೆ ಬಹಳ ಮರ್ಯಾದೆ. ನಿವೇದಿತಾ ಮಗುವನ್ನು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋಗುತ್ತಾಳೆ. ಫ್ರೆಂಡ್ಸ್ ಬಂದರೆ, ನಮ್ಮತ್ತೆ ಹಳ್ಳಿ ಕಡೆಯವರಾದರೂ ತುಂಬಾ ಸೆನ್ಸಿಬಲ್ ಎಂದು ಹೇಳುತ್ತಾಳೆ. ದಾವಣಗೆರೆ ಹಳ್ಳಿಯಲ್ಲ ಎಂದು ಹೇಳಲೂ ಬಾಯಿ ಬರುವುದಿಲ್ಲ. ಆ ಹೊಗಳಿಕೆ ಕೇಳಿದಾಗ ತಟ್ಟೆ ಹಿಡಿದು ಅಡುಗೆಮನೆಗೆ ಎದ್ದುಹೋಗುತ್ತೇನೆ.

ನಿನ್ನೆ ಡಾಕ್ಟರ್ ಹತ್ತಿರ ಹೋಗಿದ್ದೆವು, ಅದಕ್ಕೇ ಈ ಪತ್ರ. ಅವರು ಹೇಳಿದ್ದನ್ನು ಇಂದ್ರೇಶ ನನಗೆ ಕಾರಿನಲ್ಲಿ ಬಿಡಿಸಿ ಹೇಳಿದ. ಎರಡು ಸುತ್ತು ಬಜೆಗೆ ಮಗು ವಾಂತಿ ಮಾಡಬಹುದು, ಆದರೆ ಅಷ್ಟು ಹೊತ್ತು ಎಚ್ಚರ ತಪ್ಪಿ ಮಲಗುವುದು ಅವರಿಗೆ ಸರಿಕಾಣುತ್ತಿಲ್ಲವಂತೆ. ಒಂದೋ ಅಜ್ಜಿ ಹೇಳಿದ್ದಕ್ಕಿಂತ ಹೆಚ್ಚು ಕೊಟ್ಟಿರಬೇಕು, ಇಲ್ಲವಾದರೆ ಮಗುವಿನ ತಲೆಯೊಳಗೆ ಬೇರೆ ಏನೋ ತೊಂದರೆ ಇರಬೇಕು. ಮುಂದಿನ ಮಂಗಳವಾರ ಸ್ಕ್ಯಾನ್. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಬೇಕಾದರೆ ಮತ್ತು ಬರುವ ಔಷಧಿ ಕೊಟ್ಟು ಆ ದೊಡ್ಡ ಯಂತ್ರದೊಳಗೆ ಮಲಗಿಸುತ್ತಾರಂತೆ. ಇನ್ನೂ ಎರಡೂವರೆ ತಿಂಗಳ ಕೂಸಿಗೆ ಮತ್ತೆ ಮತ್ತು. ದಾರಿಯುದ್ದಕ್ಕೂ ನಿವೇದಿತಾ ಅಳುತ್ತಿದ್ದಳು. ಅಮ್ಮ ಸುಳ್ಳು ಹೇಳಿರಲಿ ದೇವರೇ, ಎಂದಳು. ಹೆತ್ತ ತಾಯಿ ಸುಳ್ಳಿಯಾಗಿರಲಿ ಎಂದು ಮಗಳು ಬೇಡಿಕೊಳ್ಳುವುದನ್ನು ನಾನು ಹಿಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಂಡೆ. ನೀವು ಸುಳ್ಳು ಹೇಳಿಲ್ಲ, ಭಾಗೀರಥಮ್ಮನವರೇ. ಎರಡು ಸುತ್ತು ಎಂದರೆ ಎರಡೇ ಸುತ್ತು. ಅದು ನನಗೆ ಗೊತ್ತು.

ಇವತ್ತೂ ಮೂರು ಗಂಟೆಗೆ ಅಭ್ಯಾಸಬಲದಿಂದ ಟಿವಿ ಹಾಕಿದೆ. ಆ ಇಬ್ಬರು ಬೀಗತಿಯರು ಮತ್ತೆ ಜಗಳವಾಡುತ್ತಿದ್ದರು, ಏನೆಂದು ತಿಳಿಯಲಿಲ್ಲ. ಹಿಂದಿನಿಂದ ಜನರ ನಗು ಕೇಳಿದ ಕೂಡಲೇ ಆರಿಸಿಬಿಟ್ಟೆ. ನಿಮ್ಮ ಶಾಲು ಸೋಫಾದ ಮೇಲೇ ಇದೆ. ಮಡಿಸಿ ಇಡಲು ಮನಸ್ಸು ಬರುತ್ತಿಲ್ಲ.

ಬೀಗರಿಗೆ ನನ್ನ ನಮಸ್ಕಾರ, ಗೌತಮ್‌ಗೂ ಅವನ ಮನೆಯವಳಿಗೂ ಆಶೀರ್ವಾದ. ನಮ್ಮವರು ಊರಿನಿಂದ ಫೋನ್ ಮಾಡಿದಾಗಲೆಲ್ಲ ನಿಮ್ಮನ್ನು ಕೇಳುತ್ತಾರೆ, ಅವರಿಗೆ ಇದೇನೂ ಗೊತ್ತಿಲ್ಲ. ನೀವು ಗಟ್ಟಿಯಾಗಿರಿ. ಆದ್ಯಾ ನಿಮ್ಮ ತೊಡೆಯ ಮೇಲೆ ಮಲಗಿಯೇ ಮೊದಲ ಮಾತು ಕಲಿಯಲಿ.

ನಿಮ್ಮ ಬೀಗತಿ,
ಸರಸ್ವತಿ ರುದ್ರಪ್ಪ

ಮರೆತ ಮಾತು: ಮರೆತಿರಲಿಲ್ಲ. ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ನಾನೂ ಕೊಟ್ಟಿದ್ದೆ. ಅದೇ ಶನಿವಾರ, ಎಂಟು ಗಂಟೆಗೆ, ನೀವು ಸ್ನಾನಕ್ಕೆ ಹೋದಾಗ. ಐದು ಸುತ್ತು ಬಜೆ, ಮೇಲೆ ಜಾಯಿಕಾಯಿ, ರಾತ್ರಿಯೆಲ್ಲ ಅತ್ತಿದ್ದ ಕೂಸು ಸ್ವಲ್ಪ ಮಲಗಲಿ ಎಂದು. ನೀವೂ ಕೊಡುತ್ತೀರೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನನ್ನ ಸಾಣೆಕಲ್ಲು ಜೋಳದ ಹಿಟ್ಟಿನ ಡಬ್ಬಿಯಲ್ಲಿತ್ತು. ಆ ಡಬ್ಬಿಯನ್ನು ನಾನಲ್ಲದೆ ಯಾರೂ ಮುಟ್ಟುವುದಿಲ್ಲ. ಈಗ ತೆಗೆದು ಊಟದ ಟೇಬಲ್ ಮೇಲೆ ಇಟ್ಟಿದ್ದೇನೆ. ಪ್ರಾರ್ಥನಾ ಹೊಸ ಲಕೋಟೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಾಳೆ. ಸಂಜೆ ನಿವೇದಿತಾ ಬಂದ ಕೂಡಲೇ ಹೇಳುತ್ತೇನೆ. ಆದರೆ ನನ್ನ ಧೈರ್ಯದ ಮೇಲೆ ನನಗೇ ನಂಬಿಕೆಯಿಲ್ಲ, ಆಸ್ಪತ್ರೆಯಲ್ಲಿ ನೋಡಿದ್ದೇನೆ. ನಾಳೆ ಇದು ನಿಮ್ಮ ಕೈಸೇರುವ ಹೊತ್ತಿಗೆ ಅವಳು ನಿಮಗೆ ಫೋನ್ ಮಾಡಿರಬೇಕು. ಮಾಡಿಲ್ಲವೆಂದರೆ ನಾನು ಕಲ್ಲನ್ನು ಮತ್ತೆ ಡಬ್ಬಿಗೆ ಹಾಕಿದ್ದೇನೆ ಎಂದು ತಿಳಿದುಕೊಳ್ಳಿ. ಆಗ ಸ್ಕ್ಯಾನಿನ ಮಂಗಳವಾರದವರೆಗೆ ಕಾಯಬೇಡಿ, ನನ್ನ ಮುಖ ನೋಡಿ ಸಂಕೋಚಪಡಬೇಡಿ. ಈ ಕಾಗದವನ್ನು ಅವಳಿಗೆ ನೀವೇ ಓದಿ ಹೇಳಿ.